ತಾಯಿಯ ಉದ್ಯೋಗ: ಮನೆಗೆಲಸ

ಸೇನೆಯ ಕೆಲಸವನ್ನೂ ದಿನ ತುಂಬದ ಹೆರಿಗೆಯನ್ನೂ ಚೆನ್ನಾಗಿ ಬಲ್ಲವರು ಹೇಳಬೇಕಾದ ಕಥೆ ಇದು. ಅರೆಬರೆ ತಿಳಿದು ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.

"ಇದನ್ನ ಯಾರು ಬರೆಸಿದ್ದು?"

ಆಸ್ಪತ್ರೆಯ ಕೇಸ್ ಶೀಟನ್ನು ಚೈತ್ರಶ್ರೀ ಗಂಡನ ಎದೆಗೆ ಒತ್ತಿದಳು. ರಜೆಗೆ ಚನ್ನಗಿರಿಗೆ ಬಂದ ವಾರಕ್ಕೇ ಹೆರಿಗೆ. ಎಂಟನೇ ತಿಂಗಳಲ್ಲಿ ಹುಟ್ಟಿದ, ಒಂದೂವರೆ ಕೆಜಿಯೂ ತೂಗದ ಮಗಳು ಮೂರು ದಿನದಿಂದ ಗಾಜಿನ ಪೆಟ್ಟಿಗೆಯಲ್ಲಿದ್ದಳು.

ಶೀಟಿನಲ್ಲಿತ್ತು... ತಾಯಿಯ ಉದ್ಯೋಗ: ಮನೆಗೆಲಸ.

"ನಾನೇ," ಎಂದ ಲೈನ್‌ಮನ್ ಸಿದ್ದೇಶ್.

"ಐದು ವರ್ಷದಿಂದ ಮಿಲಿಟರಿ ಪೊಲೀಸ್ ನಾನು. ಹೇಳಾಕೆ ಅಷ್ಟು ನಾಚಿಕೆ ಆತೇನ್ರಿ?"

"ಅವ್ವ ಪಕ್ಕದಾಗೇ ನಿಂತಿದ್ಲು. ಬಸುರಿ ಬೂಟು ಹಾಕ್ಕಂಡು ಓಡಾಡಿದ್ಲು, ಅದಕ್ಕೇ ಹಿಂಗಾತು ಅಂತ ಶುರು ಹಚ್ಕಂಡಿದ್ಲು. ಮಿಲಿಟರಿ ಅಂತ ಬರೆಸಿ ನಾನೂ ಅವಳ ಜೊತೆ ಸೇರ್ಕಳ್ಲಾ?"

"ಡಾಕ್ಟರಿಗೆ ಕಾರಣ ಹುಡುಕಾಕೆ ನಿಜ ಬೇಕು. ನನ್ನ ಮರ್ಯಾದೆ ಕಾಯಾಕೆ ಸುಳ್ಳು ಬರೆಸ್ರಿ ಅಂತ ನಾನಂದಿದ್ನಾ?"

ಅವನಿಗೂ ಸಿಟ್ಟೇರಿತು. "ನಿಮ್ಮ ಕ್ಯಾಂಪಿನ ಡಾಕ್ಟರಿಗೆ ನೀನು ನಿಜ ಹೇಳಿದ್ಯಾ?"

ಅವಳು ಹೇಳಿರಲಿಲ್ಲ. ಬಡ್ತಿಯ ಕೋರ್ಸಿನಿಂದ ಹೆಸರು ತೆಗೆಯುತ್ತಾರೆಂದು ಮೊದಲ ನಾಲ್ಕು ತಿಂಗಳು ಬಸಿರು ಮುಚ್ಚಿಟ್ಟಿದ್ದಳು. ಬೆನ್ನ ಮೇಲೆ ಭಾರ, ಓಟ, ಗೇಟಿನಲ್ಲಿ ಎಂಟು ಗಂಟೆ ನಿಂತೇ ಡ್ಯೂಟಿ.

'ನಾನೇ ಮಗಳನ್ನ ದಿನ ತುಂಬೋ ಮೊದ್ಲೇ ಹೊರಗೆ ತಳ್ಳಿದೆನಾ...'

ಅವಳು ಸೀದಾ ಮಗಳನ್ನು ನೋಡುತ್ತಿದ್ದ ಡಾಕ್ಟರ್ ಕಲ್ಪನಾ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಸಿದ್ದೇಶ್ ಹಿಂದೆಯೇ ಹೋಗಿ ನಿಂತ.

ಡಾಕ್ಟರ್ ಶೀಟು ತಿದ್ದಿದರು. "ನಿಂತು ಕೆಲಸ, ಭಾರ, ರಾತ್ರಿ ಪಾಳಿ, ರಕ್ತಹೀನತೆ, ಸೋಂಕು... ಎಲ್ಲವೂ ಅಪಾಯ ಹೆಚ್ಚಿಸಬಹುದು. ಇದರಿಂದಲೇ ಆಯ್ತು ಅಂತ ನಾನು ಹೇಳಲಾರೆ. ಮಗುವಿನ ಉಸಿರಾಟ ಚೆನ್ನಾಗಿದೆ. ಇನ್ನು ಎದೆಗೆ ಅಪ್ಪಿ ಕಾವು ಕೊಡಬೇಕು. ಅಪ್ಪನೂ ಕೊಡಬಹುದು."

ಸಿದ್ದೇಶ್ ಅಂಗಿಯ ಗುಂಡಿ ಬಿಚ್ಚತೊಡಗಿದ. ಬಾಗಿಲಲ್ಲಿದ್ದ ಅವನ ತಾಯಿ ಹೊನ್ನೂರಮ್ಮ ಮೂಗು ಮುರಿದಳು.

"ಗಂಡಸು ಬಾಣಂತನ ಮಾಡಾಕೆ ಕುಂತನಲ್ಲಪ್ಪ."

"ಹೂಂ ಅವ್ವ. ನಿನ್ನ ಸೊಸೆ ಮಿಲಿಟರಿ. ಅವಳು ಡ್ಯೂಟಿಗೆ ಹೋದ್ರೆ ನಾನೇ ಮಾಡ್ಬೇಕಲ್ಲ," ಎಂದ, ವಾರ್ಡಿನವರಿಗೆಲ್ಲ ಕೇಳುವಂತೆ.

ಚೈತ್ರಶ್ರೀಯ ಕಣ್ಣು ತುಂಬಿತು. ಮಗಳನ್ನು ಅವನ ಎದೆಯ ಮೇಲೆ ಮಲಗಿಸಿ ತನ್ನ ಸೆರಗು ಹೊದಿಸಿದಳು.

"ಸಿಟ್ಟು ಹೋತಾ?" ಮೆಲ್ಲಗೆ ಕೇಳಿದ.

"ಇಲ್ಲ."

"ನಂಗೂ ಇಲ್ಲ."

"ಅಲುಗಾಡಬ್ಯಾಡ್ರಿ, ಮಲಗ್ಯಾಳೆ..." ಎಂದು ಅವನ ಭುಜಕ್ಕೆ ಒರಗಿದಳು.

ಮಗು ಅಷ್ಟು ಬೇಗ ಏಕೆ ಬಂತೋ, ಅದು ಇಂದಿಗೂ ಯಾರಿಗೂ ಗೊತ್ತಾಗಿಲ್ಲ.