ಗಿರಣಿ ಯಜಮಾನರ ಬ್ಯಾಟರಿ ಪೆಟ್ಟಿಗೆ

ದಾದಿ ಬಾಗಿಲು ತೆರೆದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹಗಲು ರಾತ್ರಿ ಬುಸುಗುಡುತ್ತಿದ್ದ ಆಕ್ಸಿಜನ್ ಮಷೀನು ನಿಂತಿತ್ತು. ಅದಕ್ಕೆ ಕರೆಂಟು ಕೊಡುತ್ತಿದ್ದ ಬ್ಯಾಟರಿ ಪೆಟ್ಟಿಗೆಯ ಮುಂಬದಿಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಮಂಚದ ಮೇಲೆ ಗಿರಣಿ ಯಜಮಾನರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೂಗಿನಲ್ಲಿ ನಳಿಕೆ ಹಾಗೇ ಇತ್ತು. ಉಸಿರಿರಲಿಲ್ಲ.

ನಾನು ಆ ಮನೆಗೆ ಹೋದದ್ದು ಅಂತ್ಯಕ್ರಿಯೆ ಮುಗಿದ ಮಾರನೆಯ ದಿನ, ಇನ್ಸ್‌ಪೆಕ್ಟರ್ ಮೇಡಂ ಜೊತೆಗೆ. ನನ್ನದು ಇನ್ವರ್ಟರು, ಬ್ಯಾಟರಿ ರಿಪೇರಿ ಮಾಡುವ ಅಂಗಡಿ. ಮೇಡಂ ನನಗೆ ಹೇಳಿದ್ದು ಇಷ್ಟೇ.

“ಪೆಟ್ಟಿಗೆ ಬಾಯಿ ನೀವು ಬಿಡಿಸಿ. ಮನುಷ್ಯರ ಬಾಯಿ ನಾನು ಬಿಡಿಸ್ತೀನಿ.”

ದೂರು ಕೊಟ್ಟವನು ಮಗ. ಶಾಲಾ ವಾಹನದ ಡ್ರೈವರು. ಅತ್ತು ಅತ್ತು ಕಣ್ಣು ಒಣಗಿದವನಂತಿದ್ದ. ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ.

“ರಾತ್ರಿಯೆಲ್ಲ ಕರೆಂಟ್ ಇರಲ್ಲ ಅಂತ ಮೊದಲೇ ಗೊತ್ತಿತ್ತು ಮೇಡಂ. ಪೆಟ್ಟಿಗೆ ಪೂರ್ತಿ ಚಾರ್ಜ್ ಮಾಡಿ, ಅಪ್ಪನ ಮಷೀನಿಗೆ ನಾನೇ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಅದಕ್ಕೆ ಸಿಸ್ಟರ್ ಮೊಬೈಲ್ ಚಾರ್ಜರ್ ಇತ್ತು. ಚಾರ್ಜೆಲ್ಲ ಅವರೇ ಖಾಲಿ ಮಾಡಿದ್ದು. ಇಲ್ಲ, ಗೊತ್ತಿಲ್ಲದೆ ಆಫ್ ಮಾಡಿದಾರೆ.”

ದಾದಿ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು. ಮೂವತ್ತು ದಾಟಿದ ಹೆಂಗಸು. ಅವಳನ್ನು ಕಳಿಸಿದ್ದ ಏಜೆನ್ಸಿಯವರು ಆಗಲೇ ಕೆಲಸದಿಂದ ನಿಲ್ಲಿಸಿದ್ದರು; ಮೇಡಂ ಕರೆಸಿದ್ದಕ್ಕೆ ಬಂದಿದ್ದಳು.

“ಚಾರ್ಜರ್ ಹಾಕಿದ್ದು ನಿಜಾನಾ?” ಮೇಡಂ ಕೇಳಿದರು.

“ನಿಜ.”

“ಯಾಕೆ?”

“ಅಲಾರಂಗೆ. ಯಜಮಾನರಿಗೆ ಬೆಳಿಗ್ಗೆ ಬೇಗ ಮಾತ್ರೆ ಕೊಡ್ಬೇಕಿತ್ತು.”

“ಪೆಟ್ಟಿಗೆಯ ಬಟನ್ ಮುಟ್ಟಿದ್ರಾ?”

“ಇಲ್ಲ. ಗಾಳಿಯಾಡ್ಲಿ ಅಂತ ಅದನ್ನ ಸ್ಟೂಲ್ ಮೇಲೆ ಇಡಿಸಿದ್ದೆ, ಅಷ್ಟೇ. ಯಜಮಾನರಿಗೆ ಉಣ್ಣೆ ಶಾಲು ಸುತ್ತಿ ಮಲಗಿಸಿದೆ. ಯಜಮಾನಿ ಅಮ್ಮನ್ನ ಎದುರಿನ ಮಂಚದಲ್ಲಿ ಮಲಗಿಸಿದೆ. ಕತ್ತಲಲ್ಲಿ ಒಬ್ಬರೇ ಎದ್ದು ಎಡವಿ ಬೀಳಬಾರದು ಅಂತ ಅವರ ವಾಕರ್ ಬಾಗಿಲಾಚೆ ಇಟ್ಟೆ. ಆಮೇಲೆ ಹಾಲ್‌ನಲ್ಲಿ ಮಲಗಿದೆ.”

“ಮಷೀನು ನಿಂತ್ರೆ ಅದು ಕಿರುಚ್ಕೋಬೇಕಲ್ಲ?”

“ಕಿರುಚಲಿಲ್ಲ ಮೇಡಂ. ಕಿರುಚಿದ್ರೆ ನಾನು ಏಳ್ತಿರಲಿಲ್ವಾ?”

ಇದನ್ನು ಹೇಳುವಾಗಲೂ ಅವಳ ದನಿ ಏರಲಿಲ್ಲ. ಆ ಮನೆಯಲ್ಲಿ ಯಾರ ದನಿಯೂ ಏರುತ್ತಿರಲಿಲ್ಲ.

ಯಜಮಾನರ ಹೆಂಡತಿ ತಮ್ಮ ಮಂಚದ ಅಂಚಿನಲ್ಲಿ ಕುಳಿತಿದ್ದರು. ಮಂಡಿ ಸವೆದ ಹೆಂಗಸು. ವಾಕರ್ ಇಲ್ಲದೆ ಎರಡು ಹೆಜ್ಜೆ ಇಡಲಾರರು. ಎದುರು ಗೋಡೆಗೆ ಗಂಡನ ಮಂಚ, ಅದರಾಚೆ ದಿಂಬಿನ ಬದಿಯ ಸ್ಟೂಲಿನ ಮೇಲೆ ಪೆಟ್ಟಿಗೆ. ಮೇಡಂ ಅವರ ಪಕ್ಕ ಕುಳಿತರು.

“ರಾತ್ರಿ ಏನಾದ್ರೂ ಕೇಳಿಸ್ತಾ ಅಮ್ಮ?”

“ಇಲ್ಲ. ಚೆನ್ನಾಗಿ ನಿದ್ದೆ ಬಂತು. ಎಷ್ಟೋ ದಿನದ ಮೇಲೆ.”

“ಬೆಳಿಗ್ಗೆ?”

“ಇವಳು ಕೂಗಿದ್ಳು. ವಾಕರ್ ತಂದುಕೊಟ್ಟು ಫೋನ್ ಮಾಡೋಕೆ ಓಡಿದ್ಳು. ನಾನು ಹೋಗಿ ಶಾಲು ಹೊದಿಸಿದೆ. ಕೈ ತಣ್ಣಗಿತ್ತು. ಶಾಲು ಬೆಚ್ಚಗಿತ್ತು. ಇನ್ನೂ ಇದ್ದಾರೆ ಅಂದ್ಕೊಂಡೆ.”

“ಅಮ್ಮ ಹೀಗೇ ಏನೇನೋ ಹೇಳ್ತಿದಾರೆ. ಬಿಡಿ ಮೇಡಂ,” ಎಂದ ಮಗ.

ಬಿಟ್ಟೆವು. ಪೆಟ್ಟಿಗೆಯನ್ನೂ ಮಷೀನನ್ನೂ ಜೀಪಿಗೆ ಹಾಕಿಕೊಂಡು ನನ್ನ ಅಂಗಡಿಗೆ ಬಂದೆವು.

ಸೂಟ್‌ಕೇಸಿನಷ್ಟು ಗಾತ್ರದ, ಮೇಲೆ ಹಿಡಿಯಿದ್ದ ಪೆಟ್ಟಿಗೆ. ಬಟನ್ ಒತ್ತಿದೆ. ಏಳಲಿಲ್ಲ. ಮತ್ತೆ, ಒತ್ತಿ ಹಿಡಿದೆ. ಊಹೂಂ.

“ಸತ್ತಿದೆಯಾ?” ಮೇಡಂ ಕೇಳಿದರು.

“ಬಿಚ್ಚಿ ನೋಡೋಣ.”

ಹಿಂಬದಿಯ ಸ್ಕ್ರೂಗಳನ್ನು ತೆಗೆದೆ. ಅವುಗಳ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಇದಕ್ಕೂ ಮೊದಲು ಯಾರೂ ಬಿಚ್ಚಿಲ್ಲ. ಫ್ಯೂಸು ಹೋಗಿರಲಿಲ್ಲ. ಎಲ್ಲೂ ಸುಟ್ಟ ವಾಸನೆಯಿಲ್ಲ. ಬ್ಯಾಟರಿಗೆ ಮೀಟರಿನ ಕಡ್ಡಿ ಇಟ್ಟೆ. ಮುಳ್ಳು ಮೇಲೆದ್ದು ನಿಂತಿತು.

“ಮೇಡಂ, ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದೆ.”

“ಹಾಗಾದ್ರೆ ಮೊಬೈಲಿಂದ ಖಾಲಿಯಾಗಿಲ್ಲ.”

“ಆಗೋ ಮಾತೇ ಇಲ್ಲ.”

“ಕೈಯಿಂದ ಆಫ್ ಮಾಡಿದ್ರೆ?”

“ಬಟನ್ ಒತ್ತಿದ ಕೂಡಲೇ ಏಳ್ಬೇಕಿತ್ತು. ಇದು ತಾನಾಗೇ ಬಾಗಿಲು ಹಾಕ್ಕೊಂಡಿದೆ. ಒಳಗೆ ಏನಾದ್ರೂ ಹೆಚ್ಚುಕಮ್ಮಿಯಾದ್ರೆ ಹೀಗೆ ಮಾಡುತ್ತೆ. ಗೋಡೆಯ ಕರೆಂಟು ಕೊಟ್ರೆ ಎದ್ರೂ ಏಳಬಹುದು.”

ಪ್ಲಗ್ಗು ಚುಚ್ಚಿದೆ. ಪರದೆ ಬೆಳಗಿತು. ಮೂಲೆಯಲ್ಲಿ ಪುಟ್ಟ ಕೆಂಪು ಗುರುತೊಂದು ಮಿನುಗಿತು — ಅತಿಯಾದ ಬಿಸಿ.

ಬಿಸಿ ಯಾಕೆ? ಫ್ಯಾನು ಕೆಟ್ಟಿದೆಯೇ? ಅದೇ ಮಷೀನನ್ನು ಸಿಕ್ಕಿಸಿ ನೋಡಿದೆ. ಫ್ಯಾನು ಜೋರಾಗಿ ಗಿರ್ರೆಂದಿತು. ಸಂಜೆಯವರೆಗೂ ಪೆಟ್ಟಿಗೆ ಒಂದು ಚೂರೂ ತೊಂದರೆ ಕೊಡದೆ ಓಡಿತು. ನನಗೆ ತಲೆ ಕೆಟ್ಟಿತು. ರಿಪೇರಿ ಮಾಡಲು ದೋಷವೇ ಇಲ್ಲ!

ಮಷೀನನ್ನು ಬಿಚ್ಚಿದಾಗ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಅದರ ಎಚ್ಚರಿಕೆಯ ಗಂಟೆಗೆ ಬೇರೆಯೇ ಸಣ್ಣ ಬ್ಯಾಟರಿಯಿತ್ತು. ಅದು ಯಾವಾಗಲೋ ಸತ್ತು, ತುಕ್ಕು ಕಾರಿಕೊಂಡಿತ್ತು. ಅಂಥದ್ದೊಂದು ಒಳಗಿದೆಯೆಂದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಪೆಟ್ಟಿಗೆಯಲ್ಲಿ ಇನ್ನೇನೂ ಸಿಗಲಿಲ್ವಾ?” ಮೇಡಂ ಕೇಳಿದರು.

“ಗಾಳಿ ಎಳ್ಕೊಳ್ಳೋ ಜಾಲರಿಯಲ್ಲಿ ಸ್ವಲ್ಪ ಕಸ. ಧೂಳು ಎಲ್ಲ ಪೆಟ್ಟಿಗೆಯಲ್ಲೂ ಇರುತ್ತೆ.”

“ತೋರಿಸಿ.”

ಕಾಗದದ ಮೇಲೆ ಬ್ರಷ್ಷಿನಿಂದ ಉದುರಿಸಿದೆ. ಅವರು ಬಗ್ಗಿ ನೋಡಿದರು. ಬೆರಳಲ್ಲಿ ಹೊಸೆದರು.

“ಧೂಳು ಹೀಗೆ ಎಳೆ ಎಳೆಯಾಗಿರುತ್ತಾ? ಇದು ಉಣ್ಣೆ ಕಣ್ರೀ.”

ಕೈ ಹಾಗೇ ನಿಂತಿತು.

“ಆ ಅಜ್ಜಿ ಸರಿಯಾಗೇ ಹೇಳಿದ್ರು. ನಾವೇ ಕೇಳಿಸ್ಕೊಳ್ಳಲಿಲ್ಲ,” ಎಂದರು. “ಏಳಿ.”

ಮನೆಯಲ್ಲಿ ಎಲ್ಲರೂ ಹಾಗೇ ಇದ್ದರು. ಹೇಳಿಕೆಗೆ ಸಹಿ ಹಾಕಲು ದಾದಿಯೂ ಬಂದಿದ್ದಳು. ಮೇಡಂ ನೇರ ಅಜ್ಜಿಯ ಬಳಿಗೆ ಹೋದರು.

“ಅಮ್ಮ, ಬೆಳಿಗ್ಗೆ ಶಾಲು ಹೊದಿಸಿದೆ ಅಂದ್ರಲ್ಲ, ಅದು ಎಲ್ಲಿತ್ತು?”

“ಪೆಟ್ಟಿಗೆ ಮೇಲೆ.”

ಮಗ ತಲೆಯೆತ್ತಿದ. “ಅಮ್ಮಾ! ಇದನ್ನ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.”

ಮೇಡಂ ಮಗನ ಕಡೆ ತಿರುಗಿದರು.

“ತಣ್ಣಗಾದ ಮೈಮೇಲಿನ ಶಾಲು ಬೆಚ್ಚಗಿರೋದು ಹೇಗೆ? ನಿಮಗೆ ಅದು ಭ್ರಮೆ ಅನ್ನಿಸ್ತು, ನನಗೂ ಅನ್ನಿಸ್ತು. ಆ ಬಿಸಿ ಮೈಯಿಂದ ಬಂದದ್ದಲ್ಲ. ಪೆಟ್ಟಿಗೆಯಿಂದ ಬಂದದ್ದು. ದಪ್ಪ ಶಾಲು ಹಿಂಬದಿಯ ಜಾಲರಿ ಮುಚ್ಚಿತು. ಗಾಳಿ ಆಡಲಿಲ್ಲ. ಪೆಟ್ಟಿಗೆ ಕಾದು ಕಾದು, ಬೆಳಗಿನ ಜಾವದ ಹೊತ್ತಿಗೆ ತಾನಾಗೇ ನಿಂತುಹೋಯ್ತು.”

“ಶಾಲು ಹಾಕಿದ್ದು ಯಾರು?” ಅವನ ಕಣ್ಣು ದಾದಿಯ ಕಡೆ ಹೋಯಿತು.

“ಅವರನ್ನ ನೋಡ್ಬೇಡಿ. ಗಾಳಿಯಾಡೋ ಕಡೆ ಇಡ್ಬೇಕು ಅಂತ ಪೆಟ್ಟಿಗೆಯನ್ನ ಸ್ಟೂಲ್ ಮೇಲೆ ಇಡಿಸಿದ್ದೇ ಅವರಲ್ವಾ?”

ಮಗ ಹೌದೆಂದು ತಲೆಯಾಡಿಸಿದ.

“ನಿಮ್ಮಮ್ಮನ ವಾಕರ್ ರಾತ್ರಿಯೆಲ್ಲ ಬಾಗಿಲಾಚೆ ಇತ್ತು. ನೀವು ನಿಮ್ಮ ಕೋಣೆಯಲ್ಲಿ. ಮಲಗೋವಾಗ ಆ ಶಾಲು ಇದ್ದದ್ದು ಒಬ್ಬರ ಮೈಮೇಲೆ. ಮಲಗಿದಲ್ಲಿಂದ ಕೈಚಾಚಿದ್ರೆ ಪೆಟ್ಟಿಗೆ ಸಿಗ್ತಿದ್ದದ್ದೂ ಅವರೊಬ್ಬರಿಗೇ.”

ಮಗ ಅಪ್ಪನ ಮಂಚದ ಕಡೆ ನೋಡಿದ.

“ಅಪ್ಪನಾ?” ಎಂದ. “ಅಪ್ಪ ಯಾಕೆ...? ಗಿರಣಿ ಸದ್ದಲ್ಲೇ ಬದುಕಿದವರು. ಆ ಫ್ಯಾನ್ ಸದ್ದು ಅವರಿಗೇನು ಲೆಕ್ಕ?”

“ಅವರಿಗೆ ಲೆಕ್ಕ ಇರಲಿಲ್ಲ. ಅಮ್ಮ, ಆ ರಾತ್ರಿ ನೀವು ಅವರಿಗೆ ಏನಾದ್ರೂ ಹೇಳಿದ್ರಾ?”

ಅಜ್ಜಿ ಸೀರೆಯ ಅಂಚನ್ನು ಮಡಿಸಿದರು. ಬಿಡಿಸಿದರು.

“ಈ ಪೆಟ್ಟಿಗೆ ಗಿರ್ ಅನ್ನುತ್ತೆ, ಕಣ್ಣಿಗೆ ನಿದ್ದೆ ಹತ್ತಲ್ಲ ಅಂದೆ. ಅಷ್ಟೇ. ಅವರು ಏನೂ ಅನ್ನಲಿಲ್ಲ.”

ಮಗ ಖಾಲಿ ಮಂಚದ ಮೇಲೆ ಕುಸಿದು ಕುಳಿತ. ನಾನು ಗೋಡೆಗೆ ಒರಗಿದೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಯಾಕೆ ತಂದೆನೋ ಎಂದು ನೋಡುತ್ತಿದ್ದೆ, ಅಷ್ಟೇ.

“ಯಾರ ಮೇಲೂ ಕೇಸಿಲ್ಲ,” ಎಂದರು ಮೇಡಂ. “ಏಜೆನ್ಸಿಯವರಿಗೆ ನಾನೇ ಬರೆದು ಕಳಿಸ್ತೀನಿ.”

ಮಗ ದಾದಿಯ ಮುಂದೆ ಹೋಗಿ ನಿಂತ. ಮುಖ ಕೊಟ್ಟು ಮಾತಾಡಲಾಗಲಿಲ್ಲ.

“ಸಿಸ್ಟರ್... ನಿಮ್ಮ ತಲೆ ಮೇಲೆ ಗೂಬೆ ಕೂರಿಸಿಬಿಟ್ಟೆ. ಅಮ್ಮನ್ನ ನೋಡ್ಕೊಳ್ಳೋಕೆ ಬರ್ತೀರಾ?”

“ಬರ್ತೀನಿ,” ಎಂದಳು ಅವಳು. “ಅಮ್ಮನಿಗೋಸ್ಕರ. ನೀವು ಅಂದದ್ದನ್ನ ಮರೆತಿದ್ದೀನಿ ಅಂದ್ಕೋಬೇಡಿ.”

ಅವನು ತಲೆಯಾಡಿಸಿದ.

ನಾವು ಹೊರಡಲು ಎದ್ದೆವು. ಅಜ್ಜಿ ಮೇಡಂ ಕೈ ಹಿಡಿದುಕೊಂಡರು. ಗಟ್ಟಿಯಾಗೇನೂ ಅಲ್ಲ, ಸುಮ್ಮನೆ ಬೆರಳು ಇಟ್ಟ ಹಾಗೆ.

“ಇತ್ತೀಚೆಗೆ ಅವರಿಗೆ ಕಿವಿ ಅಷ್ಟಕ್ಕಷ್ಟೇ. ನಾನು ಏನಂದ್ರೂ ಗೋಡೆ ನೋಡ್ತಿದ್ರು. ನಾನೂ ಸುಮ್ನೆ ಅನ್ನೋದು, ಅಷ್ಟೇ. ಆವತ್ತು ನಾನಂದದ್ದು ಅವರಿಗೆ ಕೇಳಿಸಿತ್ತಾ?”

ಮೇಡಂ ಅಜ್ಜಿಯ ಬೆರಳುಗಳ ಮೇಲೆ ತಮ್ಮ ಇನ್ನೊಂದು ಕೈ ಇಟ್ಟರು.

“ಕೇಳಿಸಿತ್ತು, ಅಮ್ಮ.”

“ಸರಿ,” ಎಂದರು ಅಜ್ಜಿ. ಕಾಲುಗಳನ್ನು ಒಂದೊಂದಾಗಿ ಎತ್ತಿ ಮಂಚದ ಮೇಲಿಟ್ಟುಕೊಂಡು, ಗಂಡನ ಮಂಚದ ಕಡೆ ಮುಖ ಮಾಡಿ ಮಲಗಿದರು. ಕಣ್ಣು ಮುಚ್ಚಲಿಲ್ಲ.