ಬೂಷ್ಟು ಕಾಯ್ದ ಸೇತುವೆ

ದಬ್ಬಣದ ಮೊನೆ ಪೈನ್ ಹಲಗೆಯೊಳಗೆ ಇಳಿಯಲಿಲ್ಲ. ತಪಾಸಣೆಗೆ ಬಂದ ಎಂಜಿನಿಯರ್ ಇನ್ನೊಂದು ಸಂದಿಗೆ ಚುಚ್ಚಿದರು, ಮತ್ತೊಂದಕ್ಕೆ ಚುಚ್ಚಿದರು. ಹನ್ನೊಂದು ಮಳೆಗಾಲ ನೆನೆದ ಸೇತುವೆ ಎಲ್ಲೂ ಮೆತ್ತಗಾಗಿರಲಿಲ್ಲ. ಸಂದಿಸಂದಿಯಲ್ಲೂ ನೀಲಿ ಬೂಷ್ಟೊಂದು ತೆಳ್ಳಗೆ ಹರಡಿಕೊಂಡಿತ್ತು, ಅಷ್ಟೆ.

"ಪಾಸ್!" ಎಂದರು ಎಂಜಿನಿಯರ್. ದಡದಲ್ಲಿ ನೆರೆದಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ವಾದಿರಾಜ ಆಚಾರ್ಯರು ಮಾತ್ರ ಹಲಗೆಯ ಮೇಲೆ ಅಂಗೈ ಊರಿ ಕೂತುಬಿಟ್ಟರು. ಕುಂದಾಪುರದ ಹತ್ತಿರ, ನದಿಯ ನಡುಗಡ್ಡೆಯಾದ ಈ ಕುದ್ರುವಿಗೆ ಹಿಂದಿನ ಮರದ ಸೇತುವೆ ಕಟ್ಟಿದವರೂ ಅವರೇ. 2061ರಲ್ಲಿ ಅದು ಮುರಿದು ಬಿದ್ದು, ಅವರ ತಂಗಿ ವಾರಿಜಾ ಒಂದು ಕಾಲು ಕಳೆದುಕೊಂಡಿದ್ದಳು. ಹೊರಗೆ ಬಣ್ಣ ಹೊಳೆಯುತ್ತಿದ್ದ ತೊಲೆ ಒಳಗೆ ಹಳೆಯ ಬೆಲ್ಲದಂತೆ ಪುಡಿಯಾಗಿತ್ತು. ಆಚಾರಿಯ ಕೆಲಸವೇ ಸರಿಯಿಲ್ಲ ಎಂದಿತು ಊರು. ಅವರು ಉಳಿ ಮುಟ್ಟುವುದನ್ನೇ ಬಿಟ್ಟರು.

ಮುರಿದ ತುಂಡನ್ನು ಪರೀಕ್ಷಿಸಿದವರು ಶಿಲೀಂಧ್ರ ವಿಜ್ಞಾನಿ ಐರಿನ್ ಕ್ರಾಸ್ತಾ. "ತಪ್ಪು ನಿಮ್ಮ ಕೈಯದ್ದಲ್ಲ ಆಚಾರ್ರೆ" ಎಂದರು. ಸಂದಿಗೆ ಇಳಿದ ಮಳೆನೀರು ಬೇಗ ಆರುವುದಿಲ್ಲ. ಆ ತೇವದಲ್ಲಿ ಕೊಳೆಸುವ ಶಿಲೀಂಧ್ರದ ಎಳೆಗಳು ಹಬ್ಬಿ ಮರದ ಬಲವನ್ನೇ ತಿನ್ನುತ್ತವೆ. ಐರಿನ್ ಬೆಳೆಸಿದ ನೀಲಿ ಬೂಷ್ಟು ಆ ಎಳೆಗಳನ್ನು ತಿಂದು, ಸಂದಿಯೊಳಗೆ ಮೇಣದಂಥ ಪೊರೆ ಕಟ್ಟುತ್ತಿತ್ತು.

"ಬೂಷ್ಟು ಹಿಡ್ಸಿ ಮರ ಉಳ್ಸುದಾ? ಎಂತ ಹೇಳ್ತ್ರಿ ಅಮ್ಮಾ!" ಆಚಾರ್ಯರಿಗೆ ನಂಬಿಕೆ ಬರಲಿಲ್ಲ.

ಒಪ್ಪಿಸಿದವಳು ವಾರಿಜಾ. "ನೀ ಕಟ್ಟ್ ಅಣ್ಣ. ಮೊದ್ಲ್ ನಾನೇ ದಾಟ್ತೆ" ಎಂದಳು. ಊರುಗೋಲು ಹಿಡಿದು ದಾಟಿಯೂ ದಾಟಿದಳು.

ಅಂದು ಬೈದಿದ್ದ ಮುದುಕರೊಬ್ಬರು ಈಗ ಬಂದು ಆಚಾರ್ಯರ ಕೈ ಹಿಡಿದರು. "ತಪ್ಪಾಯ್ತ್ ಮಾರಾಯಾ." ಆಚಾರ್ಯರ ಕಣ್ಣು ತುಂಬಿತು, ನಗುವೂ ಬಂತು.

ಎಂಜಿನಿಯರ್ ಐರಿನ್ ಕಡೆ ತಿರುಗಿದರು. "ಒಂದೇ ಕೊರತೆ ಮೇಡಂ. ಮಣ್ಣು ತಾಗಿದ್ರೆ ನಿಮ್ಮ ಬೂಷ್ಟು ಸಾಯ್ತದೆ. ಅದನ್ನೂ ಸರಿ ಮಾಡಿ. ಮರ ಎಂದೆಂದಿಗೂ ಕೊಳೀಬಾರ್ದು."

"ಅದು ಕೊರತೆ ಅಲ್ಲ ಸಾರ್. ಬೇಕಂತಲೇ ಹಾಗೆ ಬೆಳೆಸಿದ್ದು. ಕೆಲಸ ಮುಗಿದ ಮರ ನೆಲಕ್ಕೆ ಬಿದ್ರೆ ಮಣ್ಣಾಗ್ಬೇಕು."

"ಕೊಳೀದಿದ್ರೆ ನಷ್ಟ ಯಾರಿಗೆ?"

"ಬನ್ನಿ, ತೋರಿಸ್ತೆ" ಎಂದು ಆಚಾರ್ಯರು ಎದ್ದರು. ಆಚೆ ದಡದಲ್ಲಿ ಎರಡನೆಯ ಸೇತುವೆಗೆ ಪಾಯ ತೋಡುತ್ತಿದ್ದರು. ಬೆಳಗ್ಗೆಯಷ್ಟೇ ಕೆಸರಿನಿಂದ ಎತ್ತಿದ ಪ್ಲಾಸ್ಟಿಕ್ ಬಾಟಲಿಗಳು ಅಲ್ಲಿ ಆಳೆತ್ತರದ ರಾಶಿಯಾಗಿ ಬಿದ್ದಿದ್ದವು. ಅವರು ಒಂದನ್ನು ಆರಿಸಿ, ಪಂಚೆಯಲ್ಲಿ ಒರೆಸಿ ಕೊಟ್ಟರು.

"ನಮ್ಮಜ್ಜನ ಕಾಲದ್ದ್ ಇದ್. ಯಾರೋ ಒಂದ್ ಸಲ ನೀರ್ ಕುಡ್ದ್ ಬಿಸಾಡಿರ್."

ಎಂಜಿನಿಯರ್ ಅದನ್ನು ಬಿಸಿಲಿಗೆ ಹಿಡಿದು, ಕತ್ತಿನ ಬಳಿ ಅಚ್ಚಾಗಿದ್ದ ತಾರೀಖು ಓದಿದರು. 2026. ಒಂದು ಅಂಕಿಯೂ ಮಾಸಿರಲಿಲ್ಲ.