ಒಮ್ಮೆಯೂ ಬೀಳದ ಬೈಕು

ಫೋನಿಗೆ ಬಂದ ಮೆಸೇಜಿನಲ್ಲಿ ಹೆಸರು ಓದಿದಾಗಲೇ ಹೇಮಶ್ರೀ ಮನಸ್ಸಿನಲ್ಲಿ ಒಬ್ಬ ಅಜ್ಜನನ್ನು ಕೂರಿಸಿಕೊಂಡುಬಿಟ್ಟಿದ್ದಳು. ನಂಜುಂಡಸ್ವಾಮಿ, ಹಿನಕಲ್. ಹಣೆಗೆ ವಿಭೂತಿ, ಗರಿಗರಿ ಪಂಚೆ, ಮೊಮ್ಮಗನ ಹಟಕ್ಕೆ ಬೈಕು ನೋಡಲು ಹೊರಟ ಯಜಮಾನರು. ಅದಕ್ಕೇ ದಟ್ಟಗಳ್ಳಿಯ ಮನೆಯ ಮುಂದೆ ಕುರ್ಚಿ ಹಾಕಿ, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಬಿಸಿನೀರನ್ನೂ ಇಟ್ಟಿದ್ದಳು.

ಗೇಟು ತಳ್ಳಿಕೊಂಡು ಬಂದವನಿಗೆ ಮೂವತ್ತು ದಾಟಿದ ಹಾಗೆ ಕಾಣಲಿಲ್ಲ.

"ನಂಜುಂಡಸ್ವಾಮಿಯವರು ಬರ್ಲಿಲ್ವಾ?"

"ಬಂದಿದ್ದಾರಲ್ಲ."

"ಎಲ್ಲಿ?"

"ನಿಮ್ಮ ಮುಂದೇನೇ ನಿಂತಿದ್ದಾರೆ. ನಮ್ಮ ತಾತನ ಹೆಸರು ಮೇಡಂ. ಅವರು ಹೋದ್ರು, ಹೆಸರು ನನ್ನ ತಲೆಗೆ ಕಟ್ಟಿ ಹೋದ್ರು. ಎಲ್ರೂ ಸ್ವಾಮಿ ಅಂತಾರೆ."

ಹೇಮಶ್ರೀ ನಗು ತಡೆದುಕೊಳ್ಳಲು ಕೆಳಗೆ ನೋಡಿದಳು. ಅವನು ಕುರ್ಚಿ ನೋಡಿದ, ಲೋಟ ನೋಡಿದ, ಆಮೇಲೆ ಅವಳನ್ನು ನೋಡಿದ. "ಈ ಬಿಸಿನೀರು ತಾತನಿಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎತ್ತಿ ಕುಡಿದ. ಲೋಟದ ಅಂಚಿನ ಮೇಲಿಂದ ಆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಸುಮ್ಮನೆ ನೋಡುವ ಕಣ್ಣುಗಳಲ್ಲ, ನಗಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟಂಥ ಕಣ್ಣುಗಳು. ಅವಳು ಸೋತು ನಕ್ಕಳು.

ಇತ್ತ ಅಂಗಳದಲ್ಲಿ ಇಷ್ಟು ನಡೆಯುತ್ತಿರುವಾಗ ಅತ್ತ ಅಡುಗೆಮನೆಯಲ್ಲಿ ಅವಳ ತಮ್ಮ ಯೋಗೇಂದ್ರ ಉಸಿರು ಬಿಗಿಹಿಡಿದು ಅವಿತುಕೊಂಡಿದ್ದ. ಮಾರಾಟಕ್ಕಿದ್ದ ಡರ್ಟ್ ಬೈಕು ಅವನದೇ. ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ದಿಣ್ಣೆ ಹಾರಿಸಲು ಹೋಗಿ ಮಗುಚಿ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದ. ಬೈಕಿಗೂ ಪೆಟ್ಟಾಗಿತ್ತು. ಹ್ಯಾಂಡಲ್ ಕೂರುವ ಕತ್ತಿನ ಹತ್ತಿರ ಫ್ರೇಮು ಸೀಳಿತ್ತು. ಸ್ನೇಹಿತನೊಬ್ಬ ಅದಕ್ಕೆ ವೆಲ್ಡಿಂಗ್ ಮಾಡಿ, ಮೇಲೆ ಬಣ್ಣ ಬಳಿದು ಕೊಟ್ಟಿದ್ದ. ಆ ಬೈಕು ಮನೆಯಿಂದ ಹೋಗುವವರೆಗೂ ತಾನು ಮಗನ ಜೊತೆ ಮಾತಾಡುವುದಿಲ್ಲ ಎಂದು ಅವರಮ್ಮ ಸಿದ್ದಲಿಂಗಮ್ಮ ಕೂತಿದ್ದರು. ಕೈಗೆ ಜೋಳಿಗೆ ಕಟ್ಟಿಕೊಂಡವನು ಬೈಕು ತೋರಿಸಿದರೆ ಕೊಳ್ಳುವವರು ಯಾರು? "ಅಕ್ಕ, ನೀನೇ ತೋರ್ಸು. ಬಿದ್ದಿದೆಯಾ ಅಂದ್ರೆ ಇಲ್ಲ ಅಂದ್ಬುಡು, ಸಾಕು" ಎಂದು ಅವನು ಗೋಗರೆದಿದ್ದ. ತಮ್ಮನ ಮುಖ ನೋಡಿ ಅವಳು ಹೂಂ ಅಂದಿದ್ದಳು.

ಮೆಟ್ಟಿಲ ಕೆಳಗೆ ನಿಂತಿದ್ದ ಬೈಕಿನ ಎಂಜಿನ್ನಿಗೆ ಸ್ವಾಮಿ ಅಂಗೈ ಒತ್ತಿದ. "ಬೆಚ್ಚಗಿದೆಯಲ್ಲ ಮೇಡಂ. ನಾನು ಬರೋಕೆ ಮುಂಚೆನೇ ಯಾರೋ ಸ್ಟಾರ್ಟ್ ಮಾಡಿದ ಹಾಗಿದೆ."

"ಬಿಸಿಲಿಗೆ" ಎಂದಳು ಹೇಮಶ್ರೀ.

ಬೈಕು ಅಚ್ಚುಕಟ್ಟಾಗಿ ನೆರಳಿನಲ್ಲಿ ನಿಂತಿತ್ತು. ಅವನು ನೆರಳನ್ನು ನೋಡಿದ, ಅವಳ ಕೆಂಪೇರಿದ ಕಿವಿಯನ್ನು ನೋಡಿದ, ತಲೆಯಾಡಿಸಿದ. "ಹೌದೌದು, ದಟ್ಟಗಳ್ಳಿ ಬಿಸಿಲು ಜೋರು."

ಅದು ರೇಸಿಗೆಂದೇ ಮಾಡಿದ ಗಾಡಿ. ನಂಬರ್ ಪ್ಲೇಟಿಲ್ಲ, ಆರ್‌ಸಿ ಇಲ್ಲ, ರಸ್ತೆಗಿಳಿಸುವ ಹಾಗಿಲ್ಲ. ಅಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಮಾರುವವರ ಮಾತೇ ಕಾಗದ ಪತ್ರ. ಸ್ವಾಮಿ ಅದನ್ನೇ ಕೇಳಿದ.

"ಬಿದ್ದಿದೆಯಾ?"

"ಒಂದು ಸಲಾನೂ ಇಲ್ಲ."

"ಫ್ರೇಮು?"

"ಅದಕ್ಕೇನಾಗಿದೆ? ಚೆನ್ನಾಗಿದೆ."

"ಸರಿ. ನೀವು ಹೇಳ್ತಿದ್ದೀರಲ್ಲ, ಅಷ್ಟು ಸಾಕು" ಎಂದವನು ಹೆಚ್ಚು ಚೌಕಾಸಿಯನ್ನೂ ಮಾಡದೆ ಗೂಡ್ಸ್ ಆಟೋ ಕರೆಸಿ ಬೈಕು ಏರಿಸಿಕೊಂಡು ಹೋದ. ಹೇಮಶ್ರೀಗೆ ಅವತ್ತು ಊಟ ಸೇರಲಿಲ್ಲ. ಅವನು ಕೆದಕಿ ಕೆದಕಿ ಕೇಳಿದ್ದರೆ, ಅನುಮಾನಪಟ್ಟಿದ್ದರೆ, ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ವಾರ ಕಳೆಯುವಷ್ಟರಲ್ಲಿ ಅವನು ಅವಳ ಅಂಗಡಿಗೇ ಬಂದ. ಸರಸ್ವತಿಪುರಂನ ಕನ್ನಡಕದ ಅಂಗಡಿಯೊಂದರಲ್ಲಿ ಅವಳಿಗೆ ಕಣ್ಣು ಪರೀಕ್ಷೆ ಮಾಡುವ ಕೆಲಸ.

"ಏನಾಗಿದೆ ಕಣ್ಣಿಗೆ?"

"ನೀವೇ ನೋಡಿ ಹೇಳ್ಬೇಕು."

ಕತ್ತಲೆ ಕೋಣೆಯಲ್ಲಿ ಅವನನ್ನು ಕೂರಿಸಿ, ಪುಟ್ಟ ಟಾರ್ಚು ಹಿಡಿದು ಅವಳು ಬಾಗಿದಳು. ದಿನಕ್ಕೆ ಎಷ್ಟೋ ಜನರ ಕಣ್ಣು ನೋಡುವವಳು ಅವಳು. "ನೇರ ನೋಡಿ" ಎಂದಳು. ಅವನು ನೇರ ಅವಳನ್ನೇ ನೋಡಿದ. "ನನ್ನನ್ನಲ್ಲ, ಗೋಡೆ ನೋಡಿ." "ಗೋಡೆ ಎಲ್ಲಿ ಕಾಣುತ್ತೆ, ನೀವು ಅಡ್ಡ ನಿಂತಿದ್ದೀರಲ್ಲ." ಅವನ ಕಂದು ಕಣ್ಣಿನ ಪಾಪೆಯಲ್ಲಿ ಬೆಳಕಿನ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಪುಟ್ಟದಾಗಿ ಅವಳು. ಟಾರ್ಚು ಆರಿಸಿದ ಮೇಲೂ ಅವಳು ಒಂದು ಕ್ಷಣ ಹಾಗೇ ನಿಂತಿದ್ದಳು.

"ಕಣ್ಣು ಸರಿಯಾಗೇ ಇದೆ."

"ಅಂದ್ರೆ ನನಗೆ ಎಲ್ಲ ಕಾಣುತ್ತೆ ಅಂತೀರಾ?"

"ಕಾಣ್ಬೇಕು."

"ಕಾಣದೇ ಇರೋದು ಏನಾದ್ರೂ ಇದ್ರೆ ನೀವೇ ಹೇಳ್ಬೇಕು ಮತ್ತೆ" ಎಂದ ಅವನು, ಈ ಸಲ ನಗದೆ.

ಈಗಲೇ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಈ ಮನುಷ್ಯ ಇನ್ನೊಮ್ಮೆ ಈ ಕುರ್ಚಿಯಲ್ಲಿ ಕೂರುವುದಿಲ್ಲ. "ಬೈಕು ಹೇಗಿದೆ?" ಎಂದು ಮಾತು ಹೊರಳಿಸಿದಳು. ಅವನು, ಸ್ಟಾರ್ಟೇ ಆಗುತ್ತಿಲ್ಲ, ಭಾನುವಾರ ಬಂದು ತೋರಿಸಿಕೊಡಿ ಎಂದ.

ಹೀಗೆ ಶುರುವಾದವು ಆ ಭಾನುವಾರಗಳು.

ಸ್ವಾಮಿಯದು ಬಡಾವಣೆಗಳ ಸರ್ವೆ ಕೆಲಸ. ಊರವರ ಹೊಲಗಳನ್ನೆಲ್ಲ ಅಳೆದು ಸೈಟು ಮಾಡಿಕೊಟ್ಟವನು ಈಗ ತಮ್ಮ ಮನೆಯ ಕೊನೆಯ ತುಂಡು ಹೊಲಕ್ಕೂ ತಾನೇ ಕಲ್ಲು ನೆಟ್ಟಿದ್ದ. ಹಿನಕಲ್‌ನ ಆ ನೆಲಕ್ಕೆ ಟಾರು ಬೀಳುವ ಮುಂಚೆ ಮನಸ್ಸು ತಣಿಯುವಷ್ಟು ಮಣ್ಣಿನಲ್ಲಿ ಬೈಕು ಓಡಿಸಬೇಕೆಂಬ ಆಸೆ ಅವನದು. ಕಿಕ್ಕರನ್ನು ಮೊದಲು ಮೆಲ್ಲಗೆ ಒತ್ತಿ, ಗಟ್ಟಿ ಜಾಗ ಸಿಕ್ಕ ಮೇಲೆ ಒದೆಯಬೇಕು ಎಂದು ಹೇಳಿಕೊಡುತ್ತ ಹೇಮಶ್ರೀ ದುಪಟ್ಟಾ ಸೊಂಟಕ್ಕೆ ಬಿಗಿದು ಒದ್ದಾಗ ಬೈಕು ಒಂದೇ ಏಟಿಗೆ ಗುಡುಗಿತು. "ನಿಮಗೆ ಹೆದರುತ್ತೆ ಅದು" ಎಂದ ಸ್ವಾಮಿ. "ನಿಮಗೆ ಯಾರು ಹೆದರ್ತಾರೆ, ಸ್ವಾಮಿಯವರೇ?" "ನೀವಂತೂ ಹೆದರೋ ಹಾಗೆ ಕಾಣಲ್ಲ."

ಅವಳು ಹೆದರುತ್ತಲೇ ಇದ್ದಳು. ಅವನು ಬೈಕು ಹತ್ತಿದ ಕ್ಷಣದಿಂದ ಇಳಿಯುವವರೆಗೂ ಅವಳ ಜೀವ ಅಂಗೈಯಲ್ಲಿರುತ್ತಿತ್ತು. ಆ ವೆಲ್ಡಿಂಗ್ ಈಗ ಬಿಟ್ಟೀತು, ಆ ತಿರುವಿನಲ್ಲಿ ಬಿಟ್ಟೀತು ಎಂದು ಅವನ ಬೆನ್ನನ್ನೇ ನೋಡುತ್ತ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ನಿಲ್ಲುತ್ತಿದ್ದಳು. "ಮೆಲ್ಲಗೆ ಹೋಗಿ, ಹಾರ್ಸೋದು ಗೀರ್ಸೋದು ಬೇಡ" ಎನ್ನುವಳು. "ನೀವು ಬೇಡ ಅಂದ್ರೆ ಬೇಡ" ಎಂದು ಅವನು ಮೆಲ್ಲಗೇ ಸುತ್ತುವನು. ಆಮೇಲೆ ಹೊಲದ ಬದುವಿನ ಮೇಲೆ ಕೂತು ಚುರುಮುರಿ. ಬಾಯಿಗೆ ಹತ್ತಿದ ಕೊತ್ತಂಬರಿ ತೋರಿಸುವ ನೆಪದಲ್ಲಿ ಒಂದು ನೋಟ, ಒರೆಸಿಕೊಂಡ ಮೇಲೂ ಕದಲದ ಇನ್ನೊಂದು ನೋಟ. ಮೇಡಂ ಹೋಗಿ ಹೇಮಾ ಆಯಿತು.

ಪ್ರತಿ ಸಲ ಎದ್ದು ಹೊರಡುವಾಗ ಅವನು ಕೇಳುವನು, "ಇನ್ನೇನಾದ್ರೂ ಹೇಳೋದಿದೆಯಾ ಹೇಮಾ?"

ಪ್ರೀತಿಯ ಮಾತಿಗೆ ಕಾಯುತ್ತಿದ್ದಾನೆ ಎಂದುಕೊಂಡು ಅವಳು ನಾಚುವಳು. "ಏನಿಲ್ಲಪ್ಪ" ಎನ್ನುವಳು. ಪ್ರೀತಿ ಗಂಟಲವರೆಗೂ ಬಂದಿತ್ತು. ಆದರೆ ಆ ಮಾತು ಹೊರಬರಬೇಕಾದರೆ ಅದಕ್ಕಿಂತ ಮೊದಲು ಇನ್ನೊಂದು ಮಾತು ಹೊರಬರಬೇಕಿತ್ತು.

ಒಂದು ಭಾನುವಾರ ಹೋದಾಗ ಹೊಲದ ನಡುವೆ ಮಣ್ಣಿನ ಗುಡ್ಡೆ ಬಿದ್ದಿತ್ತು. ಜೆಸಿಬಿ ಬಂದು ನೆಲ ಸಮ ಮಾಡಲು ತಯಾರಿ. ಸ್ವಾಮಿ ಅದನ್ನು ನೋಡಿ, "ಮುಂದಿನ ವಾರ ಇದನ್ನ ಎಳೆದುಬುಡ್ತಾರೆ. ಅಷ್ಟರಲ್ಲಿ ಒಂದ್ಸಲ ಇದರ ಮೇಲಿಂದ ಹಾರಿಸ್ಬೇಕು" ಎಂದ. ಬೇಡ ಎಂದಳು. ಈ ಸಲ ಅವನು ಕೇಳಲಿಲ್ಲ. ಹೆಲ್ಮೆಟ್ ಹಾಕಿ ಬೈಕು ಹತ್ತಿಯೇಬಿಟ್ಟ.

ಅವನು ದೂರ ಹೋಗಿ ತಿರುಗಿಸಿಕೊಂಡು ಗುಡ್ಡೆಯ ಕಡೆ ಬರುವಷ್ಟರಲ್ಲಿ ಹೇಮಶ್ರೀ ಓಡಿಹೋಗಿ ಅಡ್ಡ ನಿಂತಿದ್ದಳು. ಚಪ್ಪಲಿ ಎಲ್ಲೋ ಬಿದ್ದಿತ್ತು. ಬೈಕು ಅವಳ ಮುಂದೆ ಧೂಳೆಬ್ಬಿಸಿ ನಿಂತಿತು.

"ಬಿದ್ದಿದೆ ಇದು! ನನ್ನ ತಮ್ಮ ಯೋಗಿ ಬೀಳ್ಸಿದ್ದು. ಫ್ರೇಮು ಸೀಳಿದೆ, ವೆಲ್ಡಿಂಗ್ ಮಾಡ್ಸಿದ್ದಾರೆ. ನಾನು ಸುಳ್ಳು ಹೇಳ್ಬಿಟ್ಟೆ ಸ್ವಾಮಿ. ನಿಮಗೆ ಕೈ ಮುಗಿತೀನಿ, ಇಳೀರಿ ಮೊದಲು."

ಅವನು ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದ. ಮುಖದಲ್ಲಿ ಸಿಟ್ಟಿರಲಿಲ್ಲ. ಹಬ್ಬಕ್ಕೆ ಬಟ್ಟೆ ಸಿಕ್ಕ ಮಗುವಿನ ಹಾಗೆ ಅರಳಿತ್ತು.

"ಗೊತ್ತು" ಎಂದ.

"ಏನು ಗೊತ್ತು?"

"ಎಲ್ಲ. ತಂದ ಮಾರನೇ ದಿನ ತೊಳೆಯೋವಾಗ ಟ್ಯಾಂಕ್ ಬಿಚ್ಚಿದೆ. ಅಲ್ಲಿ ಮಾತ್ರ ಬಣ್ಣ ಬೇರೆ ಥರ ಇತ್ತು. ಕೆರೆದು ನೋಡಿದ್ರೆ ವೆಲ್ಡಿಂಗ್. ಬೇರೆ ಫ್ರೇಮು ಹುಡುಕಿ ಹಾಕ್ಸಿ, ಇದೇ ಬಣ್ಣ ಹೊಡೆಸ್ಬುಟ್ಟೆ. ನೀವು ಇದನ್ನ ಇಲ್ಲಿ ಒದ್ದು ಸ್ಟಾರ್ಟ್ ಮಾಡಿದ್ರಲ್ಲ, ಆಗಲೇ ಹೊಸ ಫ್ರೇಮು ಇತ್ತು."

ಮೊದಲು ಅವಳಿಗಾದದ್ದು ಬರಿ ಸಮಾಧಾನ. ಅವನಿಗೇನೂ ಆಗುವುದಿಲ್ಲ, ಯಾವತ್ತೂ ಆಗುತ್ತಿರಲಿಲ್ಲ. ಅಲ್ಲೇ ಮಣ್ಣಿನ ಮೇಲೆ ಕೂತಳು. ಕೂತ ಮೇಲೆ ಬೇರೊಂದು ಯೋಚನೆ ಬಂತು.

"ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ಲಿ ಅಂತ ಕಾಯ್ತಿದ್ದೆ. ನೀವಾಗೇ ಹೇಳಿದ ದಿನ ನಮ್ಮವ್ವನ್ನ ಕರ್ಕೊಂಡು ಹೆಣ್ಣು ಕೇಳೋಕೆ ನಿಮ್ಮ ಮನೆಗೆ ಬರೋದು ಅಂತ ಮನಸ್ಸಲ್ಲೇ ಗಟ್ಟಿ ಮಾಡ್ಕೊಂಡಿದ್ದೆ ಹೇಮಾ."

"ಇವತ್ತು ಹಾರ್ಸೋಕೆ ಹೊರಟಿದ್ದು?"

ಅವನ ನಗು ಸ್ವಲ್ಪ ಕುಂದಿತು. "ನನಗೆಲ್ಲಿ ಹಾರ್ಸೋಕೆ ಬರುತ್ತೆ? ನೀವು ಬಾಯ್ಬಿಡ್ಲಿ ಅಂತ."

ಹೇಮಶ್ರೀ ಅವನನ್ನೇ ನೋಡಿದಳು. ಅಷ್ಟೂ ಭಾನುವಾರಗಳು ಕಣ್ಣ ಮುಂದೆ ಬಂದವು. ತಾನು ಉಗುರು ಕಚ್ಚಿಕೊಂಡು ನಿಂತದ್ದು, ಅವನು ಸುತ್ತು ಹೊಡೆಯುತ್ತ ತನ್ನ ಮುಖವನ್ನೇ ನೋಡುತ್ತಿದ್ದದ್ದು. ಅದನ್ನು ಅವಳು ಪ್ರೀತಿಯ ನೋಟ ಎಂದುಕೊಂಡಿದ್ದಳು. ಪ್ರೀತಿಯೂ ಇತ್ತು ಅದರಲ್ಲಿ, ಇರಲಿಲ್ಲ ಎನ್ನಲಾಗದು. ಆದರೆ ಪರೀಕ್ಷೆಯೂ ಇತ್ತು.

"ತಪ್ಪು ನಂದೇ. ಸುಳ್ಳು ಹೇಳಿದೋಳು ನಾನು. ಆದ್ರೆ ನಾನು ಜೀವ ಹಿಡ್ಕೊಂಡು ನಿಂತಿರೋದನ್ನ ನೀವು ಸುಮ್ನೆ ನೋಡ್ತಾ ಇದ್ರಲ್ಲ ಸ್ವಾಮಿ. ಒಂದು ಮಾತು ಹೇಳಿ, ಇವತ್ತೂ ನಾನು ಹೇಳದೇ ಇದ್ದಿದ್ರೆ?"

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮುಂದಿನ ಭಾನುವಾರ ಮತ್ತೆ ಕೇಳ್ತಿದ್ದೆ."

"ನಾನು ಇನ್ನೊಂದು ವಾರ ಸಾಯ್ತಿದ್ದೆ" ಎಂದಳು ಅವಳು.

ಚಪ್ಪಲಿ ಹುಡುಕಿಕೊಂಡು ತನ್ನ ಸ್ಕೂಟರ್ ಹತ್ತಿದಳು. ಅವನು ಒಂದು ಸಲ ಹೇಮಾ ಎಂದು ಕರೆದಿದ್ದರೆ ನಿಲ್ಲಿಸುತ್ತಿದ್ದಳು. ರಿಂಗ್ ರೋಡ್ ಸೇರುವವರೆಗೂ ಕಿವಿಯೆಲ್ಲ ಹಿಂದಕ್ಕೇ ಇತ್ತು. ಕರೆಯುವ ಹಕ್ಕು ತನಗಿಲ್ಲ ಎಂದು ಆ ಪುಣ್ಯಾತ್ಮ ಅಲ್ಲೇ ನಿಂತುಬಿಟ್ಟಿದ್ದ. ಸಂಜೆ 'ತಪ್ಪಾಯ್ತು' ಎಂದು ಒಂದು ಮೆಸೇಜು ಬಂತು. ಅಳು ಬಂದು, ಏನು ಬರೆಯಬೇಕೆಂದು ತೋಚದೆ ಅವಳು ಹಾಗೇ ಬಿಟ್ಟಳು. ನೋಡಿಯೂ ಉತ್ತರ ಕೊಡದಿದ್ದದ್ದೇ ಉತ್ತರ ಎಂದು ಅವನು ತಿಳಿದ. ಅವನೇ ಬರಲಿ ಎಂದು ಅವಳು ಕಾದಳು. ಇನ್ನು ಮೇಲೆ ಅವಳನ್ನು ಯಾವುದಕ್ಕೂ ಕಾಯಿಸಬಾರದು, ಕಾಡಿಸಬಾರದು ಎಂದು ಅವನು ದೂರವೇ ಉಳಿದ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಬುದ್ಧಿ ಇರಲಿಲ್ಲ.

ಕಾಲ ಯಾರಿಗಾಗಿ ನಿಲ್ಲುತ್ತದೆ? ಹಿನಕಲ್‌ನ ಹೊಲಕ್ಕೆ ಟಾರು ಬಿತ್ತು. ಸಿದ್ದಲಿಂಗಮ್ಮ ಒಂದು ಸಂಬಂಧ ತಂದರು. ಹುಡುಗ ಶಿವಪ್ರಕಾಶ್, ಕಾಲೇಜಿನಲ್ಲಿ ಲೆಕ್ಚರರ್, ಮೃದು ಮಾತಿನವನು. ಬೇಡ ಎನ್ನಲು ಹೇಮಶ್ರೀಯ ಬಳಿ ಕಾರಣ ಇರಲಿಲ್ಲ, ಇದ್ದ ಒಂದೇ ಕಾರಣ ಇತ್ತ ತಲೆಹಾಕಿರಲಿಲ್ಲ. ನಿಶ್ಚಿತಾರ್ಥವಾಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಅಂಗಡಿಗೆ ಬಂದರು. "ಕಣ್ಣು ಮಂಜು ಕಣವ್ವ" ಎಂದು ಕುರ್ಚಿಯಲ್ಲಿ ಕೂತು ಹೆಸರು ಕೆಂಚಮ್ಮ, ಊರು ಹಿನಕಲ್ ಎಂದಾಗ ಹೇಮಶ್ರೀಯ ಕೈಯಲ್ಲಿದ್ದ ಲೆನ್ಸು ಜಾರಿ ಮೇಜಿನ ಮೇಲೆ ಬಿತ್ತು.

"ಇದೇ ಅಂಗ್ಡಿಗೆ ಓಗಬೇಕು ಅಂತ ನಮ್ಮ ಸ್ವಾಮಿ ಕರ್ಕೊಂಬಂದ. ಒಳಗೆ ಬಾರ್ಲಾ ಅಂದ್ರೆ ರಸ್ತೆ ಆಚೆ ಕಡೆ ನಿಂತವ್ನೆ. ಏನೋ ಯೋಚ್ನೆ ಅವ್ನಿಗೆ. ಅದ್ಯಾವ್ದೋ ಬೈಕು ಮಡಗಿದ್ದ, ಮಾರ್ತೀನಿ ಅಂದ. ನೋಡಕ್ಕೆ ಬಂದೋರಿಗೆಲ್ಲ ಇದು ಬಿದ್ದಿತ್ತು, ಫ್ರೇಮು ಬದ್ಲಾಯ್ಸಿದೀನಿ ಅಂತ ಕೇಳಕ್ಕೂ ಮುಂಚೆನೇ ಏಳಿದ್ರೆ ಯಾರವ್ವ ತಗತಾರೆ? ಇನ್ನೂ ಮನೆ ಮುಂದೇನೇ ನಿಂತದೆ."

ಅವರ ಕಣ್ಣಿಗೆ ಮದ್ದಿನ ಹನಿ ಹಾಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಿ ಅಮ್ಮ ಎಂದು ಹೇಳಿ, ಹೇಮಶ್ರೀ ರಸ್ತೆ ದಾಟಿದಳು.

ಸ್ವಾಮಿ ಮರದ ಕೆಳಗೆ ನಿಂತಿದ್ದ. ಸ್ವಲ್ಪ ಸೊರಗಿದ್ದ. ಅವಳನ್ನು ಕಂಡದ್ದೇ ಮೊದಲಿನ ಹಾಗೆ ಕಣ್ಣಿನಲ್ಲೇ ನಕ್ಕ. ಮಾತನ್ನು ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದನೋ, ಗಂಟಲು ಸರಿಮಾಡಿಕೊಂಡ. "ಹೇಮಾ, ಒಂದು ಮಾತು ಕೇಳೋಣ ಅಂತ ಬಂದೆ. ಇಷ್ಟು ತಡ ಮಾಡ್ಬಾರ್ದಿತ್ತು ನಾನು. ಅವ್ವನ್ನೂ ಅದಕ್ಕೇ…"

ಅವನು ಕೇಳಿಬಿಟ್ಟರೆ ತಾನು ತಡೆದುಕೊಳ್ಳಲಾರೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

"ನನಗೆ ನಿಶ್ಚಯ ಆಗಿದೆ ಸ್ವಾಮಿ" ಎಂದಳು.

ಅವನ ಮುಖ ನೋಡಲಾಗದೆ ಅವಳು ಅವನ ಅಂಗಿಯ ಗುಂಡಿ ನೋಡಿದಳು. ಅವನು ಮೆಲ್ಲಗೆ ಹೇಳಿದ, "ಈ ಸಲ ಬೇಗ ಹೇಳಿದ್ರಿ. ಒಳ್ಳೇದಾಯ್ತು." ಅದರಲ್ಲಿ ಕೊಂಕು ಇರಲಿಲ್ಲ. ಒಂದಿಷ್ಟಾದರೂ ಕೊಂಕು ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಅವರು ಒಳ್ಳೆಯವರಾ?"

"ಒಳ್ಳೆಯವರು."

"ಹಾಗಾದ್ರೆ ಸರಿ" ಎಂದ ಅವನು, ಅವತ್ತು ಅಂಗಳದಲ್ಲಿ ನಂಬಿದ ಹಾಗೆಯೇ ನಂಬಿ.

ಕೆಂಚಮ್ಮ ಅಂಗಡಿಯ ಒಳಗಿನಿಂದ "ಇನ್ನೂ ಎಷ್ಟೊತ್ತು ಮುಚ್ಕೊಂಡಿರ್ಬೇಕವ್ವ?" ಎಂದು ಕೂಗಿದರು. ಹೇಮಶ್ರೀ ಬಂದೆ ಅಮ್ಮ ಎಂದು ತಿರುಗಿದಳು. ಅವನಿಗೆ ತಾನು ಹೇಳಿದ್ದರಲ್ಲೆಲ್ಲ ನಿಶ್ಚಯ ಆಗಿದೆ ಎಂಬ ಈ ಮಾತೊಂದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತ ರಸ್ತೆ ದಾಟಿದಳು.